ತಾಲಯಾ ದಾರಿಗೆ ಕೂತ ದಿನ

ನಮ್ಮ ತಾಲಯಾದ ಜನ ಹಳಿಯ ಮೇಲೆ ಧರಣಿ ಕೂತು ರೈಲ್ವೆಯವರನ್ನೇ ಮಣಿಸಿದರು ಎಂದು ಈ ಮಾರ್ಗದ ಉದ್ದಕ್ಕೂ ಇವತ್ತಿಗೂ ಹೇಳುತ್ತಾರೆ. ಕೂತದ್ದು ನಿಜ. ಮಣಿಸಿದ್ದೂ ನಿಜ. ಆದರೆ ಅದು ಧರಣಿಯಲ್ಲ. ನಮ್ಮ ಮನೆಯವರು ಕನ್ನಡಕ ಮರೆತಿದ್ದರು, ಅದಕ್ಕೆ ಕೂತದ್ದು.

ತಾಲಯಾಕ್ಕೆ ರಸ್ತೆ ಇಲ್ಲ. ಹಿಂದೆ ಯಾವಾಗಲೋ ಹಳಿ ಹಾಕುವವರು ಇಲ್ಲಿ ಇಂಜಿನ್ನಿಗೆ ನೀರು ತುಂಬಿಸಲು ಒಂದು ಟ್ಯಾಂಕು ಕಟ್ಟಿದರು. ಟ್ಯಾಂಕು ಕಾಯಲು ಒಬ್ಬ ಬಂದ, ಅವನಿಗೆ ಅಡುಗೆ ಮಾಡಲು ಒಬ್ಬಳು ಬಂದಳು, ಹಾಗೆ ಊರಾಯಿತು. ಈಗ ಇಂಜಿನ್ನುಗಳಿಗೆ ನೀರು ಬೇಡ. ನಮಗೆ ಮಾತ್ರ ರೈಲು ಬೇಕು. ಹಿಟ್ಟು, ಸೀಮೆಎಣ್ಣೆ, ಡಾಕ್ಟರು, ಮದುವೆ ಗಂಡು, ಎಲ್ಲ ಅದರಲ್ಲೇ ಬರಬೇಕು.

ಆ ವರ್ಷ ಆಗಸ್ಟಿನಲ್ಲಿ ಸ್ಟೇಷನ್ನಿನ ಬಾಗಿಲಿಗೆ ಒಂದು ಕಾಗದ ಅಂಟಿಸಿದರು. ಹತ್ತುವವರು ಕಡಿಮೆಯಾದ್ದರಿಂದ ಸೆಪ್ಟೆಂಬರ್ ಒಂದರಿಂದ ಪ್ಯಾಸೆಂಜರ್ ರೈಲು ತಾಲಯಾದಲ್ಲಿ ನಿಲ್ಲುವುದಿಲ್ಲ, ಅಷ್ಟೇ. ಆ ಸೆಪ್ಟೆಂಬರ್ ಒಂದಕ್ಕೇ ನನ್ನ ಗ್ಲಾಶಾ ಒಂದನೇ ತರಗತಿಗೆ ಸೇರಬೇಕಿತ್ತು. ಶಾಲೆ ಇರುವುದು ಪಕ್ಕದ ದೊಡ್ಡ ಸ್ಟೇಷನ್ ಓಲ್ಖೊವ್ಕಾದಲ್ಲಿ. ರೈಲು ನಿಲ್ಲದಿದ್ದರೆ ಮಗು ಅಲ್ಲಿಯ ಹಾಸ್ಟೆಲಿನಲ್ಲಿರಬೇಕು, ಚಳಿಗಾಲದ ರಜೆಗೆ ಮನೆಗೆ ಬರಬೇಕು. ರಾತ್ರಿ ಇನ್ನೂ ನನ್ನ ಜಡೆ ಹಿಡಿದುಕೊಂಡೇ ಮಲಗುವ ಮಗು ಅದು. ಜಡೆಯನ್ನು ಕತ್ತರಿಸಿ ಜೊತೆಗೆ ಕಳಿಸಲು ಬರುವುದಿಲ್ಲವಲ್ಲ.

ಊರವರೆಲ್ಲ ಸ್ಟೇಷನ್ನಿನ ಕೋಣೆಯಲ್ಲಿ ಸೇರಿದೆವು. ಸ್ಟೇಷನ್ ಮಾಸ್ಟರ್ ರಿಮ್ಮಾ ಪಾವ್ಲೊವ್ನಾ ಕೆಂಪು ಟೋಪಿ ತೆಗೆದು ಮೇಜಿನ ಮೇಲಿಟ್ಟಳು. ಆಕೆ ಟೋಪಿ ತೆಗೆದರೆ ಈಗ ಆಡುವುದು ಸರ್ಕಾರಿ ಮಾತಲ್ಲ ಎಂದು ಅರ್ಥ.

"ಪೇಟೆಗೆ ಹೋಗಿ ವಿಭಾಗದ ದೊಡ್ಡ ಸಾಹೇಬ್ರು ಶುಮಿಲೊವ್‌ನ ನೋಡಬೇಕು. ಬೇರೆ ದಾರಿ ಇಲ್ಲ," ಎಂದಳು.

"ನಮ್ಮಂಥೋರನ್ನ ಒಳಗೆ ಬಿಡ್ತಾರೇನೇ?" ಎಂದರು ನನ್ನ ಅತ್ತೆ ಅನ್ಫೀಸಾ.

"ಬಿಡಲ್ಲ. ಯಾರಿಗಾದ್ರೂ ಅವರ ಗುರುತು ಇರಬೇಕು."

ಆಗ ಕೋಣೆ ಬೆಚ್ಚಗಿಡುವ ದೊಡ್ಡ ಒಲೆಯೊಳಗಿಂದ ಒಂದು ಧ್ವನಿ ಬಂತು.

"ಶುಮಿಲೊವ್‌ನಾ? ಅವನೂ ನಾನೂ ಒಟ್ಟಿಗೆ ಕೂತು ಚಹಾ ಕುಡಿದೋರು."

ಅದು ನಮ್ಮ ಮನೆಯವರದು. ಹೆಸರು ಅರ್ಕಾಡಿ. ಸ್ಟೇಷನ್ನಿನ ಒಲೆ ಉರಿಸುವುದು ಅವರ ನೌಕರಿ. ಚಳಿಗಾಲಕ್ಕೆ ಮುಂಚೆ ಮಸಿ ಕೆರೆಯಲು ಒಲೆಯೊಳಗೆ ತಲೆ ತೂರಿಸಿದ್ದರು. ಹೊರಗೆ ತೆಗೆದಾಗ ಮುಖದಲ್ಲಿ ಕಣ್ಣು ಬಿಟ್ಟರೆ ಏನೂ ಕಾಣಿಸುತ್ತಿರಲಿಲ್ಲ, ಆದರೆ ಆ ಕಣ್ಣಲ್ಲಿ ಗಾಂಭೀರ್ಯ ಇತ್ತು.

ಚಹಾ ಕುಡಿದದ್ದು ಸುಳ್ಳೇನಲ್ಲ. ಒಮ್ಮೆ ತಪಾಸಣೆಗೆ ಬಂದ ಶುಮಿಲೊವ್ ಆ ಕೋಣೆಯ ಕಿಟಕಿಯ ಬಳಿ ಚಹಾ ಕುಡಿದರು. ಅದೇ ಹೊತ್ತಿಗೆ ನಮ್ಮವರು ಒಲೆಯ ಹಿಂದೆ ತಮ್ಮ ಲೋಟದಲ್ಲಿ ತಮ್ಮ ಚಹಾ ಕುಡಿಯುತ್ತಿದ್ದರು. ನಡುವೆ ಒಲೆ ಇತ್ತು. ಆ ಒಲೆಯ ವಿಷಯ ಹೇಳಲು ಅವರು ಅಂದು ಮರೆತರು, ಅಷ್ಟೇ.

"ಹಂಗಾದ್ರೆ ನೀನೇ ಹೋಗಬೇಕು ಕಣಪ್ಪಾ," ಎಂದರು ಎಲ್ಲರೂ.

ಮನೆಗೆ ಬರುವಾಗ ನಾನು ಮೆಲ್ಲಗೆ ಕೇಳಿದೆ, "ರೀ, ಅವರಿಗೆ ನಿಮ್ಮ ಗುರುತು ಇದೆಯಾ?"

"ನನಗಿದೆಯಲ್ಲ," ಎಂದರು. "ಇಬ್ಬರಲ್ಲಿ ಒಬ್ಬರಿಗೆ ಇದ್ದರೆ ಸಾಕು."

ಹೊರಡುವ ದಿನ ಬಂತು. ಸೂಟ್‌ಕೇಸ್ ಪಕ್ಕದ ಮನೆಯದು, ಟೈ ನಿವೃತ್ತ ಡ್ರೈವರ್ ಕುಜ್ಮಾ ತಾತನದು. ಮೂರು ದಿನಕ್ಕೆ ಆಗುವಷ್ಟು ಎಲೆಕೋಸು ತುಂಬಿದ ಕಡುಬಿನಂಥ ಪಿರೊಗ್, ಬೇಯಿಸಿದ ಮೊಟ್ಟೆ, ಉಪ್ಪಿನ ಸೌತೆಕಾಯಿ ಕಟ್ಟಿದೆ. ಸಾಹೇಬರಿಗೆಂದು ಊರವರು ಕಾಡುಹಣ್ಣಿನ ಜಾಮಿನ ದೊಡ್ಡ ಜಾಡಿ ಕೊಟ್ಟರು.

ನಮ್ಮಲ್ಲಿ ಒಂದು ಪದ್ಧತಿ ಇದೆ. ದೂರ ಹೊರಟವರು ಬಾಗಿಲು ದಾಟುವ ಮುಂಚೆ ಒಂದು ಗಳಿಗೆ ಕೂರಬೇಕು. ಹೋಗುವವರೂ ಕೂರಬೇಕು, ಕಳಿಸುವವರೂ ಕೂರಬೇಕು, ಯಾರೂ ಪಿಟ್ಟೆನ್ನಬಾರದು. ಇದಕ್ಕೆ ದಾರಿಗೆ ಕೂರುವುದು ಎನ್ನುತ್ತೇವೆ. ಮರೆತ ವಸ್ತುವಿಗೆಂದು ಹಿಂದಕ್ಕೆ ಬಂದರೆ ಕನ್ನಡಿಯಲ್ಲಿ ಮುಖ ನೋಡಿಕೊಂಡು ಮತ್ತೆ ಮೊದಲಿಂದ ಕೂರಬೇಕು. ಎಲ್ಲ ಮನೆಯಲ್ಲೂ ಮಾಡುತ್ತಾರೆ. ಆದರೆ ನನ್ನ ಅತ್ತೆ ಮಾಡಿಸುವ ಹಾಗೆ ಮಿಲಿಟರಿಯಲ್ಲೂ ಮಾಡಿಸಲಿಕ್ಕಿಲ್ಲ.

ಕೂತೆವು. ಅತ್ತೆ "ಇನ್ನು ದೇವರಿದಾನೆ, ಏಳಿ" ಎಂದರು. ಎದ್ದೆವು. ಬೇಲಿಯ ತನಕ ಹೋದ ಮೇಲೆ ನಮ್ಮವರು ಜೇಬು ಮುಟ್ಟಿ ನೋಡಿಕೊಂಡರು. ಮನವಿಪತ್ರ ಮೇಜಿನ ಮೇಲಿತ್ತು. ಹಿಂದಕ್ಕೆ ಬಂದು, ಕನ್ನಡಿ ನೋಡಿ, ಕೂತೆವು. ಎದ್ದೆವು. ಬಾವಿಯ ತನಕ ಹೋದ ಮೇಲೆ ಗ್ಲಾಶಾ ಹೇಳಿದಳು, "ಅಪ್ಪಾ, ನೀನು ಮನೆ ಚಪ್ಪಲೀಲೇ ಬಂದಿದೀಯ." ಹಿಂದಕ್ಕೆ ಬಂದು, ಕನ್ನಡಿ ನೋಡಿ, ಕೂತೆವು.

"ನಿನ್ನ ಮುಖ ನೋಡಿ ನೋಡಿ ಕನ್ನಡಿಗೇ ಬೇಜಾರು ಬರೋ ಹಂಗಾಗಿದೆ," ಎಂದರು ಅತ್ತೆ, ಎದ್ದ ಮೇಲೆ.

ಸ್ಟೇಷನ್ನಿಗೆ ಬಂದರೆ ಇಡೀ ಊರು ನೆರೆದಿತ್ತು. ಅಲ್ಲಿ ನಮ್ಮವರು ಕಣ್ಣು ಕಿರಿದು ಮಾಡಿಕೊಂಡು ಸಿಗ್ನಲ್ ಕಡೆ ನೋಡಿದರು, ಆಮೇಲೆ ನನ್ನ ಕಡೆ ನೋಡಿದರು.

"ಕನ್ನಡಕ," ಎಂದೆ ನಾನು.

ಪಕ್ಕದ ಮನೆಯ ಹುಡುಗಿ ಓಡಿಹೋಗಿ ತಂದುಕೊಟ್ಟಳು. ಅಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಅತ್ತೆ ತಲೆವಸ್ತ್ರ ಬಿಗಿದುಕೊಂಡರು.

"ಇವನು ಹೋಗದಿದ್ರೂ ಇವನ ಕನ್ನಡಕಕ್ಕೆ ಅಂತ ಮನೆಗೆ ಹಿಂದಕ್ಕೆ ಹೋದಂಗಾಯ್ತಲ್ಲ. ಕೂರ್ರಿ ಎಲ್ಲರೂ."

"ಇಲ್ಲೆಲ್ಲಿ ಕೂರೋದು ಅತ್ತೆ?"

"ಹಳಿ ಇಲ್ವೇನೇ? ಊರಿಗೆ ಊರೇ ಬೆಂಚು ಹಾಕಿಟ್ಟಂಗಿದೆ."

ಮೂರನೇ ಹಳಿಗೆ ರೈಲು ಬರುವುದು ನಿಂತು ಬಹಳ ಕಾಲವಾಗಿತ್ತು. ಅದರ ನಡುವೆ ಹುಲ್ಲು ಬೆಳೆದು, ನಮ್ಮ ಮೇಕೆಗಳು ಅಲ್ಲೇ ಮೇಯುತ್ತವೆ. ಸಾಯಂಕಾಲ ಆಲೂಗಡ್ಡೆ ಸುಲಿಯಲು ನಾವು ಕೂರುವುದೂ ಅದರ ಮೇಲೆಯೇ. ಸರಿ, ಇಡೀ ತಾಲಯಾ ಸಾಲಾಗಿ ಕೂತಿತು. ನಡುವೆ ನಮ್ಮವರು, ಟೈ ಕಟ್ಟಿಕೊಂಡು, ಸೂಟ್‌ಕೇಸ್ ತೊಡೆಯ ಮೇಲೆ, ಜಾಮಿನ ಜಾಡಿ ಅದರ ಮೇಲೆ. ಒಬ್ಬರೂ ಮಾತಾಡಲಿಲ್ಲ. ಮೂಗಿನ ಮೇಲೆ ಸೊಳ್ಳೆ ಕೂತರೂ ಓಡಿಸಲಿಲ್ಲ.

ಅದೇ ಹೊತ್ತಿಗೆ ಮೊದಲನೇ ಹಳಿಯ ಮೇಲೆ ಒಂದು ಕಲ್ಲಿದ್ದಲಿನ ಗೂಡ್ಸ್ ಹಾದುಹೋಯಿತು. ಅದರ ಡ್ರೈವರ್ ಹೊಸಬ. ಕಿಟಕಿಯಿಂದ ಅರ್ಧ ಹೊರಗೆ ಬಂದು ನಮ್ಮನ್ನು ನೋಡುತ್ತಲೇ ಹೋದ. ನಾವೂ ನೋಡುತ್ತಲೇ ಕೂತೆವು. ಕೈ ಬೀಸುವಂತಿರಲಿಲ್ಲ, ದಾರಿಗೆ ಕೂತಿದ್ದೆವಲ್ಲ.

ಈಗ ಒಂದು ಮಾತು ನೆನಪಿಡಬೇಕು. ಅದಕ್ಕೆ ಕೆಲವು ವರ್ಷ ಮುಂಚೆ ಸೈಬೀರಿಯಾದ ಗಣಿಯವರು ಸಂಬಳ ಸಿಗದೆ ಬಂದು ಹಳಿಯ ಮೇಲೆ ಕೂತು, ರೈಲುಗಳೆಲ್ಲ ದಿನಗಟ್ಟಲೆ ನಿಂತುಹೋಗಿದ್ದವು. ಅಂದಿನಿಂದ ರೈಲ್ವೆಯ ದೊಡ್ಡವರ ಮುಂದೆ ಹಳಿ ಎಂಬ ಮಾತನ್ನೂ ಕೂತರು ಎಂಬ ಮಾತನ್ನೂ ಒಟ್ಟಿಗೆ ಆಡಿದರೆ ಅವರಿಗೆ ಎದೆ ಹಿಡಿದುಕೊಳ್ಳುತ್ತಿತ್ತು. ಆ ಹುಡುಗ ಡ್ರೈವರ್ ರೇಡಿಯೋದಲ್ಲಿ ಹೇಳಿದ್ದು ಆ ಎರಡೇ ಮಾತು.

ರಿಮ್ಮಾಳ ಫೋನು ಹೊಡೆದುಕೊಂಡಿತು. ಕಿಟಕಿ ತೆರೆದಿತ್ತು, ಆಕೆಯ ಮಾತು ನಮಗೆಲ್ಲ ಕೇಳುತ್ತಿತ್ತು. ಆ ಕಡೆಯ ಮಾತು ಅವಳು ಆಮೇಲೆ ಎಷ್ಟು ಸಲ ಹೇಳಿದ್ದಾಳೆಂದರೆ, ನಾನೇ ಕೇಳಿದ್ದೆನೇನೋ ಎನ್ನಿಸುತ್ತದೆ.

"ತಾಲಯಾ, ನಾನು ರೈಲು ಕಂಟ್ರೋಲ್ ಆಫೀಸಿಂದ. ನಿಮ್ಮಲ್ಲಿ ಜನ ಕೂತಿದಾರಾ?"

"ಕೂತಿದಾರೆ."

"ಯಾತಕ್ಕೆ?"

"ದಾರಿಗೆ ಕೂತಿದಾರೆ."

"ದಾರಿಗೇ ಅಡ್ಡ ಕೂತಿದಾರಾ?" ಆ ಕಡೆ ಏನೋ ಕೆಳಗೆ ಬಿದ್ದ ಸದ್ದು. "ಎಷ್ಟು ಜನ?"

"ಎಲ್ಲರೂ."

"ಯಾವಾಗಿಂದ?"

"ಬೆಳಗ್ಗಿಂದ ಕೂರೋದು ಏಳೋದು ಮಾಡ್ತಾನೇ ಇದಾರೆ."

"ಎದ್ದು ಹೋಗೋಕೆ ಹೇಳಿ."

"ನಾನು ಹೇಳಿದ್ರೆ ಏಳಲ್ಲ. ಅನ್ಫೀಸಾ ಅಜ್ಜಿ ಹೇಳಬೇಕು."

"ಅವಳ್ಯಾರು, ನಾಯಕಿಯಾ?"

"ಇಂಥದಕ್ಕೆಲ್ಲ ಅವಳೇ."

"ಅವಳ ಹತ್ರ ಮಾತಾಡಿ ನೋಡಿ."

"ಈಗ ಆಗಲ್ಲ ಸ್ವಾಮಿ. ಕೂತಾಗ ಮಾತಾಡಬಾರದು."

"ಊಟ ತಿಂಡಿ?"

"ಮೂರು ದಿನಕ್ಕೆ ಕಟ್ಟಿಕೊಂಡಿದಾರೆ."

"ಅವರಿಗೆ ಬೇಕಾಗಿರೋದಾದ್ರೂ ಏನು?"

"ಅರ್ಕಾಡಿ ಶುಮಿಲೊವ್ ಸಾಹೇಬ್ರನ್ನ ನೋಡಬೇಕು, ಅಷ್ಟೇ."

ಕಂಟ್ರೋಲಿನವರು ಎಲ್ಲವನ್ನೂ ಕೇಳಿದರು. ಯಾವ ಹಳಿ ಎಂದು ಮಾತ್ರ ಕೇಳಲಿಲ್ಲ.

ಅತ್ತೆ ನಮ್ಮನ್ನು ಎಬ್ಬಿಸಿದ ಮೇಲೆ ರೈಲು ಬರಬೇಕಿತ್ತು. ಬರಲಿಲ್ಲ. ಎರಡೂ ಕಡೆಯ ಸಿಗ್ನಲ್ ಕೆಂಪಾಗಿಯೇ ನಿಂತವು. ಮುಂದೆ ಮಾರ್ಗದಲ್ಲಿ ಏನೋ ತಡೆ ಇದೆಯಂತೆ ಎಂದಳು ರಿಮ್ಮಾ. ಆ ತಡೆ ನಾವೇ ಎಂದು ಅವಳಿಗೂ ಹೊಳೆಯಲಿಲ್ಲ.

"ಯಾವನೋ ಹಾಳಾದೋನು ಅಡ್ಡ ಬಿದ್ದಿರಬೇಕು," ಎಂದು ಅತ್ತೆ ಶಪಿಸಿದರು. ಪಿರೊಗ್‌ನ ಗಂಟು ಬಿಚ್ಚಿ ಎಲ್ಲರಿಗೂ ಹಂಚಿದರು.

ಹಂಚಿ ಮುಗಿಯುವ ಹೊತ್ತಿಗೆ ಓಲ್ಖೊವ್ಕಾ ಕಡೆಯಿಂದ ಹಳದಿ ಬಣ್ಣದ ಮೋಟಾರು ಟ್ರಾಲಿಯೊಂದು ಹಳಿಯ ಮೇಲೆ ಕಾಣಿಸಿಕೊಂಡಿತು. ರಿಮ್ಮಾ ಕೈ ಅಡ್ಡ ಹಿಡಿದು ನೋಡಿ, ಕೆಂಪು ಟೋಪಿ ನೆಟ್ಟಗೆ ಮಾಡಿಕೊಂಡಳು.

"ಶುಮಿಲೊವ್ ಸಾಹೇಬ್ರು," ಎಂದಳು. "ಸ್ವತಃ."

ಊರಿಗೆ ಊರೇ ತಿರುಗಿ ನಮ್ಮವರ ಕಡೆ ನೋಡಿತು.

"ನೋಡಿದ್ರಾ," ಎಂದರು ಅತ್ತೆ, ಕಣ್ಣಲ್ಲಿ ನೀರು. "ರೈಲು ತಡ ಆಯ್ತು ಅಂತ ನನ್ನ ಮಗನ್ನ ಕರಕೊಂಡು ಹೋಗೋಕೆ ಅವರೇ ಬಂದವ್ರೆ. ಸ್ನೇಹ ಅಂದ್ರೆ ಇದು."

ನಾನೂ ತಿರುಗಿ ನೋಡಿದೆ. ಹಳಿಯ ಮೇಲೆ ಸೂಟ್‌ಕೇಸ್ ಇತ್ತು, ಜಾಡಿ ಇತ್ತು. ನಮ್ಮವರು ಇರಲಿಲ್ಲ.

ಎಲ್ಲಿರುತ್ತಾರೆಂದು ನನಗೆ ಗೊತ್ತು. ಮದುವೆಯಾದಾಗಿನಿಂದ ಭಯವಾದರೆ ಅವರು ಹೋಗುವುದು ಒಂದೇ ಕಡೆ, ಅಡುಗೆಮನೆಯ ಕೆಳಗಿನ ಆಲೂಗಡ್ಡೆ ನೆಲಮಾಳಿಗೆಗೆ. ಮುಚ್ಚಳ ಎತ್ತಿದೆ. ಕತ್ತಲೆಯಲ್ಲಿ ಕನ್ನಡಕ ಹೊಳೆಯಿತು.

"ರೀ, ಬನ್ನಿ."

"ಝೋಯಾ, ಅವರು ಎಲ್ಲರ ಮುಂದೆ ನೀನ್ಯಾರು ಅಂತ ಕೇಳ್ತಾರೆ."

"ಕೇಳಲಿ. ಅರ್ಕಾಡಿ ಅನ್ನಿ."

"ನಾನು ಚಹಾ ಕುಡಿದದ್ದು ಒಲೆ ಹಿಂದೆ."

"ಗೊತ್ತು. ಬನ್ನಿ, ಟೈಗೆ ಮಣ್ಣಾಗುತ್ತೆ."

ಅವರು ಅಲ್ಲಾಡಲಿಲ್ಲ. ಅಷ್ಟರಲ್ಲಿ ಗ್ಲಾಶಾ ನನ್ನ ಪಕ್ಕದಲ್ಲಿ ಬಗ್ಗಿ ಕೆಳಗೆ ನೋಡಿದಳು. "ಅಪ್ಪಾ, ಹಾಸ್ಟೆಲಲ್ಲೂ ನೆಲಮಾಳಿಗೆ ಇರುತ್ತಾ?" ಎಂದು ಕೇಳಿದಳು.

ಕೆಳಗೆ ಆಲೂಗಡ್ಡೆ ಉರುಳಿದ ಸದ್ದು. ಆಮೇಲೆ ಏಣಿ ಕಿರುಗುಟ್ಟಿತು. ನಮ್ಮವರು ಮೇಲೆ ಬಂದರು, ಹಜಾರದಲ್ಲಿ ಕನ್ನಡಿಯ ಮುಂದೆ ನಿಂತು ಮುಖ ನೋಡಿಕೊಂಡರು, ಕಿವಿಯ ಮಣ್ಣು ಒರೆಸಿಕೊಂಡರು. "ನಡಿ," ಎಂದರು.

ಟ್ರಾಲಿ ಬಂದು ನಿಲ್ಲುವುದಕ್ಕೂ ನಾವು ತಲುಪುವುದಕ್ಕೂ ಸರಿಹೋಯಿತು. ಶುಮಿಲೊವ್ ಇಳಿದರು. ಅವರು ಓಲ್ಖೊವ್ಕಾಕ್ಕೆ ಹಬೆ ಸ್ನಾನದ ಮನೆಗೆಂದು ಬಂದಿದ್ದರಂತೆ. ಸುದ್ದಿ ಮುಟ್ಟಿದ್ದು ಬಿಸಿ ಹಬೆಯಲ್ಲಿ, ನಮ್ಮ ಕಡೆಯ ಸ್ನಾನದ ಪದ್ಧತಿಯಂತೆ, ಬೆನ್ನಿಗೆ ಬರ್ಚ್ ಸೊಪ್ಪಿನ ಕಟ್ಟಿನ ಏಟು ಬೀಳುತ್ತಿದ್ದಾಗ. ಮುಖ ಬೀಟ್‌ರೂಟಿನಂತೆ ಕೆಂಪು, ಕೂದಲಿನಿಂದ ನೀರು, ಕತ್ತಿಗೆ ಒಂದು ಒದ್ದೆ ಎಲೆ ಅಂಟಿಕೊಂಡಿತ್ತು. ಜೊತೆಗೆ ಬಂದ ಪೊಲೀಸಿನವನಿಗೂ ಎಲೆ ಅಂಟಿತ್ತು.

ಅತ್ತೆ ಅವರ ಕಡೆ ನೋಡಲೇ ಇಲ್ಲ. ಮಗನ ಕಡೆ ನೋಡಿದರು.

"ಎಲ್ಲಿಗೆ ಹೋಗಿದ್ಯೋ?"

"ಮನೆಗೆ."

"ಕನ್ನಡಿ ನೋಡಿದ್ಯಾ?"

"ನೋಡಿದೆ."

"ಹಂಗಾದ್ರೆ ಕೂರ್ರಿ ಎಲ್ಲರೂ."

ಸಾಹೇಬರು ಬಂದ ತಕ್ಷಣ, ಅವರ ಕಣ್ಣೆದುರಿಗೇ, ತಾಲಯಾದ ಸಮಸ್ತ ಜನರೂ ಹಳಿಯ ಮೇಲೆ ಕೂತು ಬಾಯಿ ಮುಚ್ಚಿಕೊಂಡರು.

ಶುಮಿಲೊವ್ ಆ ಕಡೆಯಿಂದ ಈ ಕಡೆಗೆ ಒಮ್ಮೆ ನೋಡಿದರು. ಕೂತದ್ದು ಯಾವ ಹಳಿ, ಅದರ ನಡುವೆ ಮೇಯುತ್ತಿದ್ದ ಮೇಕೆ ಯಾರದು ಎಂಬುದನ್ನೆಲ್ಲ ಗಮನಿಸುವ ಸ್ಥಿತಿಯಲ್ಲಿ ಅವರಿರಲಿಲ್ಲ. ಟೈ ಕಟ್ಟಿದವನೇ ಮುಖಂಡ ಎಂದು ತೀರ್ಮಾನಿಸಿ ನಮ್ಮವರ ಮುಂದೆ ಬಂದು ನಿಂತರು.

"ನೀನು ಯಾರಪ್ಪಾ?"

ನಮ್ಮವರು ಕಣ್ಣು ಮುಚ್ಚಿಕೊಂಡರು. ಸಾಲಿನ ತುದಿಯಲ್ಲಿ ಯಾರೋ ಮೂಗಿನಲ್ಲೇ ನಕ್ಕರು. ಇದು ಗೆಳೆಯರ ನಡುವಿನ ತಮಾಷೆ ಎಂದು ಊರವರು ಅಂದುಕೊಂಡರು.

"ಸರಿ, ಹೆಸರು ಬೇಡ," ಎಂದರು ಶುಮಿಲೊವ್. "ನಾನೂ ಮನುಷ್ಯನೇ. ಕಾಗದ ಮೇಲಿಂದ ಬಂದದ್ದು, ನಾನು ಬರೆದದ್ದಲ್ಲ. ವಾರಕ್ಕೊಂದು ದಿನ ರೈಲು ನಿಲ್ಲಿಸೋಣ. ಆಗಬಹುದಾ?"

ನಮ್ಮವರು ಮಾತಾಡಲಿಲ್ಲ. ಮಾತಾಡಿದರೆ ಅತ್ತೆ ಮೊದಲಿಂದ ಕೂರಿಸುತ್ತಾರೆ.

"ಎರಡು ದಿನ."

ಎಲ್ಲೋ ಮೇಕೆ ಹುಲ್ಲು ಕಿತ್ತ ಸದ್ದು.

"ನೋಡಪ್ಪಾ, ಹಠ ಮಾಡಬೇಡ. ಹಿಂದೆ ಗೂಡ್ಸ್‌ಗಳು ಸಾಲುಗಟ್ಟಿ ನಿಂತಿವೆ. ದಿನ ಬಿಟ್ಟು ದಿನ."

ದಿನ ಬಿಟ್ಟು ದಿನವಾದರೆ ಗ್ಲಾಶಾ ಒಂದು ರಾತ್ರಿ ಅಲ್ಲಿ, ಒಂದು ರಾತ್ರಿ ಇಲ್ಲಿ. ಬಾಯಿಬಿಡೋಣವೆನ್ನಿಸಿತು. ಆದರೆ ಪಕ್ಕದಲ್ಲಿ ಅತ್ತೆಯ ಮೊಣಕೈ ಇತ್ತು, ಅದು ನನ್ನ ಪಕ್ಕೆಯಲ್ಲಿತ್ತು.

ಶುಮಿಲೊವ್ ನಮ್ಮವರ ಮುಚ್ಚಿದ ಕಣ್ಣನ್ನೇ ನೋಡಿದರು. ಇಂಥ ಗಟ್ಟಿ ಆಸಾಮಿಯನ್ನು ಅವರು ತಮ್ಮ ಸೇವೆಯಲ್ಲಿ ಕಂಡಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು. ಕತ್ತಿನ ಎಲೆ ಕಿತ್ತು ಎಸೆದರು.

"ಆಯ್ತು. ದಿನಾ ನಿಲ್ಲುತ್ತೆ. ಹೋಗೋವಾಗಲೂ, ಬರೋವಾಗಲೂ. ನನ್ನ ಮಾತು."

"ಇನ್ನು ದೇವರಿದಾನೆ," ಎಂದರು ಅತ್ತೆ. "ಏಳಿ."

ಇಡೀ ಊರು ಒಟ್ಟಿಗೆ ಎದ್ದಿತು. ಶುಮಿಲೊವ್ ಒಂದು ಹೆಜ್ಜೆ ಹಿಂದಕ್ಕೆ ಹೋದರು. ಆಮೇಲೆ ನೋಡಿದರೆ ಒಬ್ಬರು ಮಾತ್ರ ಕೂತೇ ಇದ್ದಾರೆ. ಕುಜ್ಮಾ ತಾತ. ಅವನಿಗೆ ಕಿವಿ ಕೇಳದು, ಸಾಲದ್ದಕ್ಕೆ ಕೂತ ಕೂಡಲೇ ನಿದ್ದೆ ಬರುತ್ತದೆ. ಗಲ್ಲ ಎದೆಗೆ ಒತ್ತಿಕೊಂಡು, ಹುಬ್ಬು ಗಂಟಿಕ್ಕಿಕೊಂಡು ಮಲಗಿದ್ದ.

"ತಾತ, ನಿಮಗಿನ್ನೇನು ಬಾಕಿ?" ಎಂದರು ಶುಮಿಲೊವ್.

ತಾತ ಉಸಿರು ಬಿಟ್ಟ. ಬೇಸರದ ಉಸಿರಿನ ಹಾಗಿತ್ತು.

"ಹೌದು, ಈಗ ನಿಲ್ಲೋ ಒಂದು ನಿಮಿಷ ಸಾಲದು, ಒಪ್ಪಿದೆ. ವಯಸ್ಸಾದೋರು ಹತ್ತಬೇಕು, ಇಳೀಬೇಕು. ಮೂರು ನಿಮಿಷ ನಿಲ್ಲಿಸ್ತೀನಿ. ಎಕ್ಸ್‌ಪ್ರೆಸ್‌ಗೂ ಅಷ್ಟು ಕೊಡಲ್ಲ ನಾನು."

ಯಾರದೋ ಕಾಲು ತಾತನಿಗೆ ತಗುಲಿತು. ತಾತ ಎಚ್ಚೆತ್ತು ತಲೆಯಾಡಿಸಿದ.

ಶುಮಿಲೊವ್ ರಿಮ್ಮಾಳ ಕೋಣೆಗೆ ಹೋಗಿ ಕಾಗದ ಬರೆದು ಸಹಿ ಹಾಕಿ, ಫೋನು ಹಿಡಿದು ಮೇಲಿನವರಿಗೆ ಹೇಳಿದ್ದು ನಮಗೆಲ್ಲ ಕೇಳಿಸಿತು. ಮಾರ್ಗ ತೆರವಾಗಿದೆ, ಜನರ ಮನವೊಲಿಸಲಾಗಿದೆ, ಬಲಪ್ರಯೋಗ ಇಲ್ಲ, ತಾವೇ ಖುದ್ದು ನಿಂತು ಮಾತಾಡಿದ್ದು, ರೈಲು ನಿಲ್ಲಿಸುವುದಾಗಿ ಒಪ್ಪಿ ಸಹಿ ಹಾಕಿ ಆಗಿದೆ. ಆ ಕಡೆಯವರು ಬಹಳ ಹೊಗಳಿದರೆಂದು ಕಾಣುತ್ತದೆ. ಶುಮಿಲೊವ್ "ಅಯ್ಯೋ, ಅದೇನು ದೊಡ್ಡ ವಿಷಯ" ಎಂದು ಮತ್ತೆ ಮತ್ತೆ ಹೇಳಿದರು.

ಹೊರಗೆ ಬಂದಾಗ ಅತ್ತೆ ಜಾಮಿನ ಜಾಡಿ ಅವರ ಕೈಗಿಟ್ಟರು.

"ಇದನ್ನ ಕೊಡೋಕೇ ಇವನು ಪೇಟೆಗೆ ಹೊರಟಿದ್ದ ಕಣಪ್ಪಾ. ನೀನೇ ಬಂದೆ, ರೈಲಿನ ಖರ್ಚು ಉಳೀತು."

"ಹೊರಟಿದ್ದನಾ?" ಶುಮಿಲೊವ್ ಸೂಟ್‌ಕೇಸ್ ನೋಡಿದರು. "ಹಾಗಾದ್ರೆ ಈ ಧರಣಿ?"

"ಯಾವ ಧರಣಿ? ದಾರಿಗೆ ಕೂತಿದ್ವಿ. ಇವನು ಒಂದೊಂದೇ ಮರೀತಾನೆ, ನಾವು ಒಂದೊಂದು ಸಲ ಕೂರ್ತೀವಿ. ನಿಮ್ಮನೇಲಿ ಕೂರಲ್ವಾ?"

ಶುಮಿಲೊವ್ ಮೂರನೇ ಹಳಿಯನ್ನು ನೋಡಿದರು. ತುಕ್ಕು ನೋಡಿದರು, ಹುಲ್ಲು ನೋಡಿದರು, ಮೇಕೆಯನ್ನೂ ನೋಡಿದರು. ಬೀಟ್‌ರೂಟಿನ ಬಣ್ಣ ಇಳಿಯುತ್ತ ಬಂದು ಮುಖ ಮೂಲಂಗಿಯಾಯಿತು. ಅತ್ತೆಯ ಕಡೆ ಬಗ್ಗಿ ಮೆಲ್ಲಗೆ ಹೇಳಿದರು.

"ಅಮ್ಮಾ, ನಮ್ಮಮ್ಮನೂ ಕೂರಿಸ್ತಿದ್ದಳು. ಈ ವಿಷಯ ಮಾತ್ರ ಇನ್ನು ಯಾರಿಗೂ ಹೇಳಬೇಡಿ. ಧರಣಿ ಅಂತಲೇ ಇರಲಿ."

"ನಿನ್ನಿಷ್ಟ. ಹೊರಡೋಕೆ ಮುಂಚೆ ಕೂರು."

ವಿಭಾಗದ ದೊಡ್ಡ ಸಾಹೇಬರು ಜಾಡಿ ತಬ್ಬಿಕೊಂಡು ಹಳಿಯ ಮೇಲೆ ಕೂತರು. ಪಕ್ಕದಲ್ಲಿ ನಮ್ಮವರು. ಪೊಲೀಸಿನವನೂ ಟೋಪಿ ತೆಗೆದು ಕೂತ.

ಸೆಪ್ಟೆಂಬರ್ ಒಂದರ ಬೆಳಿಗ್ಗೆ ಪ್ಯಾಸೆಂಜರ್ ರೈಲು ತಾಲಯಾಕ್ಕೆ ಬಂತು, ನಿಂತಿತು. ಗ್ಲಾಶಾ ಬಿಳಿ ರಿಬ್ಬನ್ ಕಟ್ಟಿಕೊಂಡು, ಟೀಚರಿಗೆಂದು ನಮ್ಮ ಹಿತ್ತಲಿನ ಡೇಲಿಯಾ ಹೂವು ಹಿಡಿದು ಹತ್ತಿದಳು, ಕಿಟಕಿಗೆ ಬಂದು ಕೈ ಬೀಸಿದಳು. ನಾನೂ ಬೀಸಿದೆ. ರೈಲು ಹೊರಡಲಿಲ್ಲ. ಮತ್ತೊಮ್ಮೆ ಬೀಸಿದೆವು. ಹೊರಡಲಿಲ್ಲ. ಮೊದಲೆಲ್ಲ ಅದು ನಿಲ್ಲುವಷ್ಟರಲ್ಲಿ ಹೊರಡುತ್ತಿತ್ತು, ಅಳುವುದಕ್ಕೆ ಸಮಯವಿರುತ್ತಿರಲಿಲ್ಲ. ಮೂರು ನಿಮಿಷ ಎಷ್ಟು ದೊಡ್ಡದೆಂದು ನನಗೆ ಅಂದು ಗೊತ್ತಾಯಿತು. ನನ್ನ ಕಣ್ಣು ತುಂಬಿ, ಒರೆಸಿಕೊಂಡು, ಒಣಗಿದರೂ ರೈಲು ಅಲ್ಲೇ ಇತ್ತು. ಗ್ಲಾಶಾಗೆ ಬೇಜಾರು ಬಂತು. ಕಿಟಕಿ ಇಳಿಸಿ, "ಅಮ್ಮಾ, ನೀನು ಹೋಗು, ಒಲೆ ಮೇಲೆ ಹಾಲು ಇಟ್ಟಿದೀಯ," ಎಂದಳು.

ಓಡಿದೆ. ಹಾಲು ಉಕ್ಕಿ ಹೋಗಿತ್ತು. ಸಾಯಂಕಾಲ ಅದೇ ರೈಲು ತಿರುಗಿ ಬಂದು, ಮೂರು ನಿಮಿಷ ನಿಂತು, ನನ್ನ ಮಗಳನ್ನು ಇಳಿಸಿತು. ಹೂವಿರಲಿಲ್ಲ, ಒಂದು ರಿಬ್ಬನ್ನೂ ಇರಲಿಲ್ಲ. ಅಂದು ರಾತ್ರಿ ನನ್ನ ಜಡೆಯನ್ನು ಎಷ್ಟು ಬಿಗಿಯಾಗಿ ಹಿಡಿದು ಮಲಗಿದಳೆಂದರೆ, ಬೆಳಗಾಗುವವರೆಗೂ ನನಗೆ ಮಗ್ಗುಲು ತಿರುಗಲು ಆಗಲಿಲ್ಲ.